ಹತ್ತಿದ ಸ್ಟಾಪು

ಮಂಡ್ಯ ಬಿಟ್ಟು ಮೈಸೂರು ಸೇರುವಷ್ಟರಲ್ಲಿ
ಒಂದೊಂದು ಮುಖಕ್ಕೂ ಒಂದೊಂದು ಊರು ಹಚ್ಚಬಲ್ಲೆ:
ಸೊಪ್ಪಿನ ಕಂತೆಯವಳು ಯಲಿಯೂರು,
ನಿದ್ದೆಗಣ್ಣಿನ ಹುಡುಗ ತೂಬಿನಕೆರೆಯ ಫ್ಯಾಕ್ಟರಿ,
ಬೂದಿ ಕುಡಿಕೆ ಹಿಡಿದು ಮಾತಾಡದ ಮೂವರು
ಪಶ್ಚಿಮವಾಹಿನಿ.
ದುಡ್ಡಿಲ್ಲದ ಹೆಂಗಸರಿಗೂ ಸೊನ್ನೆ ಟಿಕೆಟ್ಟು ಹರಿದೇ ಕೊಡಬೇಕು.
ಲೆಕ್ಕಕ್ಕೆ ಸಿಗದೆ ಯಾರೂ ಬಸ್ಸಲ್ಲಿ ಕೂರುವಂತಿಲ್ಲ.

ಆವತ್ತು ಚೆಲುವಾಂಬ ಆಸ್ಪತ್ರೆಯ ಬೆಂಚಿನ ಮೇಲೆ
ಖಾಕಿಯಲ್ಲೇ ಕೂತು ಓದಿದೆ,
ನನ್ನ ಹೆಸರಿನ ಕೆಳಗೆ: ಎಚ್‌ಪಿವಿ, ಪಾಸಿಟಿವ್.
ದಿನಕ್ಕೆ ಐನೂರು ಚೀಟಿ ಹರಿಯುವ ಕೈ
ಒಂದು ಚೀಟಿಗೆ ನಡುಗಿತು.

‘ಎಲ್ಲಿ ಹತ್ತಿದ್ದು ಮೇಡಂ ಇದು?’
ಡಾಕ್ಟರ್ ನಫೀಸಾ ಕನ್ನಡಕ ಮೇಲೇರಿಸಿದರು.
‘ಅದೊಂದು ಕೇಳಬೇಡಿ. ಹೋದ ವರ್ಷವೋ,
ಮದುವೆಗೂ ಮುಂಚೆಯೋ, ಅವರಿಂದಲೋ, ನಿಮ್ಮಿಂದಲೋ,
ಹೇಳುವ ಮಷೀನು ಯಾರ ಹತ್ತಿರವೂ ಇಲ್ಲ.
ಮೈಯ ಸುಖ ಕಂಡವರಲ್ಲಿ ಹೆಚ್ಚಿನವರನ್ನು
ಒಂದಲ್ಲ ಒಂದು ಸಲ ಮುಟ್ಟಿ ಹೋಗುವಂಥದ್ದು.
ಹತ್ತರಲ್ಲಿ ಒಂಬತ್ತು ಪಾಲು
ಒಂದೆರಡು ವರ್ಷದಲ್ಲಿ ಮೈಯೇ ಇಳಿಸಿಬಿಡುತ್ತೆ.’
‘ಹತ್ತನೆಯದು?’
‘ಅದಕ್ಕೇ ತಪ್ಪದೆ ಬರಬೇಕು. ವರ್ಷಗಟ್ಟಲೆ ಕೂತೇ ಇದ್ದರೆ
ಗರ್ಭಕೊರಳನ್ನು ಕೆಡಿಸೋಕೆ ಶುರು ಮಾಡುತ್ತೆ.
ಆಗಲೇ ಕಂಡರೆ, ಕೆಟ್ಟಷ್ಟನ್ನು ತೆಗೆಯಬಹುದು.’

ಗುಳಿಗೆ ಬರೆಯಲಿಲ್ಲ.
ಗುಳಿಗೆ ಇಲ್ಲದ ಕಾಯಿಲೆಯನ್ನು
ನಮ್ಮ ಕಡೆ ಯಾರೂ ನಂಬಲ್ಲ.

ಜವರೇಶ ಆಲೆಮನೆ ಮೋಟಾರಿನ ಗ್ರೀಸು ತೊಳೆಯುತ್ತಿದ್ದ.
ಚೀಟಿ ಓದಿದ. ಸೋಪು ಜಾರಿ ಬಚ್ಚಲಿಗೆ ಬಿತ್ತು.
ಯಾರು ಕೊಟ್ಟದ್ದು, ಅನ್ನಲಿಲ್ಲ.
ಅನ್ನದೆ ಉಳಿದದ್ದು ಎರಡು ತಿಂಗಳು
ನಮ್ಮಿಬ್ಬರ ನಡುವೆ ಕಾಲು ಚಾಚಿ ಮಲಗಿತು.
ಅವನು ಕೊಳ್ಳೇಗಾಲದ ಗ್ಯಾರೇಜಿನಲ್ಲಿ ಒಬ್ಬನೇ ಇದ್ದ ಮೂರು ವರ್ಷ,
ಕೆ.ಆರ್. ಪೇಟೆ ಹಾಸ್ಟೆಲ್ಲಿನ ಹಿಂದಿನ ಓಣಿಯಲ್ಲಿ
ಒಂದು ಸೈಕಲ್ ಗಂಟೆಗೆ ನಾನು ಕಿವಿಗೊಟ್ಟ ಒಂದು ಬೇಸಿಗೆ,
ಎರಡೂ ಎದ್ದು ಕೂತು ನಮ್ಮನ್ನೇ ನೋಡಿದವು.

ರಾತ್ರಿ ಅವನ ಕೈ ಸೊಂಟದವರೆಗೆ ಬಂದು
ನಿಲ್ಲಿಸದೆ ಹೋದ ಬಸ್ಸಿಗೆ ಅಡ್ಡ ಹಿಡಿದ ಕೈಯ ಹಾಗೆ
ಮೆಲ್ಲಗೆ ಇಳಿಯುತ್ತಿತ್ತು.
ನನಗೋ ನನ್ನ ಮೈಯೇ ಯಾರೋ ವಾಂತಿ ಮಾಡಿದ ಸೀಟು,
ತೊಳೆದು ಒಣಗಿಸಿದರೂ
ಜನ ನಿಂತೇ ಹೋಗುತ್ತಾರೆ.

ಮುಂದಿನ ಸಲ ಅವನನ್ನೂ ಕರಕೊಂಡು ಹೋದೆ.
ಬಸ್ಸಿನ ತುಂಬ ಕೂಗುವ ನನ್ನ ಗಂಟಲು
ಅಷ್ಟು ಸಣ್ಣಗಾದದ್ದು ಅವತ್ತೇ:
‘ನಾವು... ಕೂಡಬಹುದಾ ಮೇಡಂ?’
‘ಯಾಕೆ ಬಾರದು? ಕಾಂಡೋಮ್ ಒಂದಿಷ್ಟು ತಡೆಯುತ್ತೆ, ಪೂರ್ತಿ ಅಲ್ಲ,
ಚರ್ಮದಿಂದ ಚರ್ಮಕ್ಕೆ ಹಾಯುವಂಥದ್ದು.
ಆದರೆ ಇದಕ್ಕೆ ಹೆದರಿ ಯಾರೂ ಬೇರೆ ಬೇರೆ ಚಾಪೆ ಹಾಸಬೇಕಿಲ್ಲ.’

ಹೊರಗೆ ಟೀ ಅಂಗಡಿಯಲ್ಲಿ ಜವರೇಶ
ಲೋಟ ತಿರುಗಿಸುತ್ತ ತಿರುಗಿಸುತ್ತ ಅಂದ:
‘ನೋಡಮ್ಮಿ, ಇಬ್ರಿಗೂ ಗೊತ್ತಿಲ್ಲ ಅಂದ್ಮೇಲೆ
ಇಬ್ರದೂ ಅಂತ್ಲೇ ಇಟ್ಕಳಾನ ಬುಡು.’
ಆ ರಾತ್ರಿ ಅವನ ಕೊರಳಲ್ಲಿ ಬೆಲ್ಲದ ಹೊಗೆ ವಾಸನೆ.
ಮೊದಲು ಭಯ ಬಂತು, ಆಮೇಲೆ ನಗು,
ಆಮೇಲೆ ಬರಬೇಕಾದದ್ದು, ತಡವಾಗಿ,
ಭಾನುವಾರದ ಗಾಡಿಯ ಹಾಗೆ.

ಇಂಚರಳಿಗೆ ಹತ್ತು ತುಂಬಿತ್ತು. ತೋಳಿಗೆ ಸೂಜಿ ಹಾಕಿಸಿದೆವು.
ಯಾಕಮ್ಮ? ಅಂದಳು.
ಹತ್ತೋಕೆ ಮುಂಚೆ ಬಾಗಿಲು ಹಾಕೋಕೆ, ಅಂದೆ.
ಯಾವ ಬಸ್ಸು? ಅಂದಳು.
ಇನ್ನೆರಡು ವರ್ಷ ಬಿಟ್ಟು ಹೇಳುತ್ತೇನೆ, ಪೂರ್ತಿ.

ವರ್ಷ ಕಳೆದು ಇನ್ನೊಂದು ಚೀಟಿ ಬಂತು.
‘ಇಳಿದು ಹೋಯ್ತಾ ಮೇಡಂ?’
‘ಕಾಣ್ತಾ ಇಲ್ಲ,’ ಅಂದರು ನಫೀಸಾ.
ಹೋಯ್ತು ಅನ್ನಲಿಲ್ಲ. ‘ಇನ್ನೊಂದು ವರ್ಷ ಬಿಟ್ಟು ಬನ್ನಿ.’

ಸಂಜೆ ಗಣಂಗೂರಿನಲ್ಲಿ ಯಾಕೋ ಸೀಟಿ ಊದಿದೆ.
ಸಿದ್ದಯ್ಯ ಬ್ರೇಕು ಒತ್ತಿದ. ಬಾಗಿಲು ತೆರೆಯಿತು.
ಕಬ್ಬಿನ ಗದ್ದೆಯ ಗಾಳಿ ಒಂದಿಷ್ಟು ಒಳಗೆ ಬಂತು.
‘ಯಾರವ್ವ ಇಳಿದೋರು?’
ಕನ್ನಡಿಯಲ್ಲಿ ಅವನು ಹುಬ್ಬು ಹಾರಿಸಿದ.
ಕಾಣ್ಲಿಲ್ಲ ಕಣಣ್ಣ, ಅಂದೆ.
ರೈಟ್.