ಕೋಟೆಯ ಮೇಲಿನ ಗೂಬೆ

(ಪಾಂಟಿಫ್ರಾಕ್ಟ್, ಯಾರ್ಕ್‌ಶೈರ್, ಆಗಸ್ಟ್ ೧೮೭೨)

ಬೆಳಗಿನಿಂದ ಬೈಗಿನವರೆಗೆ ನನ್ನದು ಇದೇ ಕೆಲಸ:
ಅತಿಮಧುರದ ಬೇರು ಕುದಿಸಿ ಬತ್ತಿಸಿದ ಕರಿ ಪಾಕವನ್ನು
ಉಂಡೆ ಕಟ್ಟಿ ಸಾಲಿಟ್ಟಿರುತ್ತಾರೆ,
ಒಂದೊಂದಕ್ಕೂ ಒಂದೊಂದು ಗುದ್ದು.
ಗುದ್ದಿದಲ್ಲೆಲ್ಲ ಕೋಟೆಯೊಂದು ಏಳುತ್ತದೆ,
ಕೋಟೆಯ ಮೇಲೊಂದು ಗೂಬೆ.
ದಿನಕ್ಕೆ ಎಷ್ಟು ಸಾವಿರ, ಮೇಸ್ತ್ರಿ ಬಲ್ಲ.
ನನಗೆ ಗೊತ್ತಿರುವುದು ಹೆಗಲಿನ ಲೆಕ್ಕ.

ಮೊನ್ನೆ ಪುರಭವನದ ಗುಮಾಸ್ತ ಬಂದು
ಒಂದು ಮುದ್ರೆ ಇಸಕೊಂಡು ಹೋದ.
ಯಾಕೆ ಎಂದೆ.
ಓಟಿನ ಪೆಟ್ಟಿಗೆಗೆ ಅರಗು ಹಾಕಿ ಒತ್ತಲಿಕ್ಕೆ ಎಂದ.
ಹಿಡಿಯ ಸೀಳಿಗೆ ದಾರ ಸುತ್ತಿದ್ದು ಕಂಡೆ,
ನಾನೇ ಸುತ್ತಿದ್ದು.

ಹಿಂದೆಲ್ಲ ಓಟೆಂದರೆ ಬಾಯಿಬಿಟ್ಟು ಹೇಳುವುದು.
ಸಂತೆ ಚೌಕದಲ್ಲಿ ಹಲಗೆಯ ಅಟ್ಟ,
ಮೇಲೆ ಪುಸ್ತಕ ಬಿಚ್ಚಿ ಕೂತವನು,
ಕೆಳಗೆ ಬಿಟ್ಟಿ ಬಿಯರು, ಕೊಳೆತ ಕೋಸು,
ನೆರಳಿನಲ್ಲಿ ಜಮೀನುದಾರನ ಏಜೆಂಟು.
ಚಪ್ಪಲಿ ಹೊಲಿಯುವ ಜೋಬ್ ಕ್ರ್ಯಾಬ್‌ಟ್ರೀ
ಗಂಟಲೆತ್ತಿ ಹೇಳಿದ್ದು ಒಂದೇ ಹೆಸರು,
ತಿಂಗಳೊಳಗೆ ಅವನ ಸಾಮಾನು ಬೀದಿಯಲ್ಲಿ.
ಮುತ್ತು ಒಡೆದರೆ ಮುತ್ತು ಹೋಯಿತು,
ಮಾತು ಆಡಿದರೆ ಮನೆ.

ನಮ್ಮಪ್ಪ ಈನಕ್ ಲಂಬ್‌ಗೆ ಆ ಭಯವೂ ಇರಲಿಲ್ಲ,
ಅವನಿಗೆ ಓಟೇ ಇರಲಿಲ್ಲ.
ಬಾರ್ನ್ಸ್‌ಲಿಯ ನೇಕಾರ, ಹತ್ತು ಪೌಂಡಿನ ಮನೆಯ ಕನಸೂ ಬೀಳದವನು.
ನನಗಾಗ ಆರು ವರ್ಷ. ಮಹಾ ಅರ್ಜಿಯ ಹಾಳೆ ಬಂತು,
ಅರ್ಧ ನೆಯ್ದ ಬಟ್ಟೆಯ ಮೇಲೆ ಹಾಸಿದರು.
ಬರೆಯಲು ಬಾರದು ಎಂದ.
ಗೀಟು ಎಳೆದರೆ ಸಾಕು ಎಂದರು.
ಲಾಳಿ ಎಸೆಯುವ ಕೈ, ಯೋಚಿಸದೆ ಎಳೆಯಿತು:
ಹಾಸು ಒಂದು,
ಹೊಕ್ಕು ಒಂದು.
ಪಕ್ಕದಲ್ಲಿ ಯಾರೋ ಬರೆದರು, ಇದು ಈನಕನ ಗುರುತು.

ಅಮ್ಮನೂ ಎಳೆದಳು, ಹಿಟ್ಟಿನ ಕೈಯಲ್ಲೇ.
ಅರ್ಜಿಗೆ ಅವಳ ಗೀಟು ಬೇಕಿತ್ತು,
ಅರ್ಜಿಯೊಳಗೆ ಅವಳಿರಲಿಲ್ಲ.

ಮೂವತ್ತಮೂರು ಲಕ್ಷ ಹೆಸರು!
ಲಂಡನ್ನಿನ ಸಭೆಯ ಬಾಗಿಲಿಗೆ ಹಿಡಿಸಲಿಲ್ಲವಂತೆ,
ಚೌಕಟ್ಟು ಕಿತ್ತು ಒಳಗೆ ಒಯ್ದರಂತೆ.
ಕಾಗದ ಒಳಗೆ ಹೋಯಿತು, ಕೇಳಿದ್ದು ಹೊರಗೇ ಉಳಿಯಿತು.
ಅಪ್ಪ ಕೆಮ್ಮಿ ಕೆಮ್ಮಿ ಸಾಯುವ ಚಳಿಗಾಲದಲ್ಲೂ ಹೇಳುತ್ತಿದ್ದ,
"ಚೌಕಟ್ಟಂತೂ ಕಿತ್ತೆವಲ್ಲ, ಕೆಜಾಯಾ."

ಇವತ್ತು ಸೆಥ್ ಒಗೆದ ಅಂಗಿ ತೊಟ್ಟು ಹೋಗಿ ಬಂದ.
ನನ್ನ ಕೈ ಅತಿಮಧುರದಿಂದ ಕಪ್ಪು, ಅವನದು ಕಲ್ಲಿದ್ದಲಿನಿಂದ;
ತಿಕ್ಕಿ ತಿಕ್ಕಿ ಉಗುರಷ್ಟೇ ಬೆಳ್ಳಗಾಗಿತ್ತು.
ಗಲಾಟೆಯೇ ಇಲ್ಲ, ಎಂದ, ಚರ್ಚಿನ ಹಾಗೆ.
ಹೆಂಡದಂಗಡಿಯವ ಮಾತ್ರ ಗೊಣಗುತ್ತಿದ್ದ.
ಏನು ಮಾಡಿಸಿದರು ಎಂದೆ.
ರೊಟ್ಟಿ ಮಣೆಯ ಹಿಟ್ಟಿನ ಮೇಲೆ ಬೆರಳಿಟ್ಟು ತೋರಿಸಿದ:
ಹೀಗೊಂದು,
ಹಾಗೊಂದು.

ಗುರುತು ಹಿಡಿದೆ. ಅಪ್ಪನ ಕೈಬರಹ.

ಯಾರಿಗೆ ಹಾಕಿದೆ ಎಂದು ಕೇಳಿದ್ದಕ್ಕೆ ನಕ್ಕ,
ಹೇಳಲಿಲ್ಲ. ಹದಿನಾಲ್ಕು ವರ್ಷದ ಸಂಸಾರದಲ್ಲಿ
ಅವನಿಗೆ ಮೊದಲ ಗುಟ್ಟು ಕೊಟ್ಟಿದ್ದು ಕಾನೂನು.
ಇರಲಿ. ನನಗೂ ಬೇಕು ಅಂಥದೊಂದು.

ಈಗ ರಾತ್ರಿ. ಪುರಭವನದಲ್ಲಿ ಪೆಟ್ಟಿಗೆ ಬಾಯಿ ಮುಚ್ಚಿದೆ,
ಮುಚ್ಚಿದ ಬಾಯಿಯ ಮೇಲೆ ನನ್ನ ಕೋಟೆ.
ಇನ್ನು ಯಾವ ಜೋಬನ ತಲೆಯ ಮೇಲೂ
ಗೂಬೆ ಕೂರಿಸುವಂತಿಲ್ಲ,
ಅದು ಪೆಟ್ಟಿಗೆಯ ಮೇಲೆ ಕೂತಾಗಿದೆ
ಕಣ್ಣು ಬಿಟ್ಟುಕೊಂಡು.
ಒಳಗಿರುವುದರಲ್ಲಿ ನನ್ನದೊಂದೂ ಇಲ್ಲ.
ಹೊರಗಿನ ಕಾವಲು ನನ್ನದು.

ನಾಳೆ ಮುದ್ರೆ ವಾಪಸು ಬರುತ್ತದೆ.
ಗೂಬೆಯ ಕಣ್ಣಿನ ಕುಳಿಯಲ್ಲಿ ಕೆಂಪು ಅರಗು ಸಿಕ್ಕಿರುತ್ತದೆ,
ಮಿಠಾಯಿಗೆ ಹತ್ತದ ಹಾಗೆ ಸೂಜಿಯಿಂದ ಕೆದಕು
ಎನ್ನುತ್ತಾನೆ ಮೇಸ್ತ್ರಿ.

ಕೆದಕುತ್ತೇನೆ.
ಒಂದು ಚೂರು ಬಿಡುತ್ತೇನೆ.