ಹದಿನೈದೂ ಮುಕ್ಕಾಲು

ಕಿರುಬೆರಳು ಮೊದಲು ಹೋಯಿತು.
ಅದರ ಹಿಂದೆಯೇ ಉಂಗುರದ್ದು.
ಸೀಬ್ ತಲುಪುವ ಹೊತ್ತಿಗೆ ಎರಡೂ
ಯಾರದೋ ಕೈಯಿಂದ ಸಾಲ ತಂದಂತೆ
ಸುಮ್ಮನೆ ಅಂಟಿಕೊಂಡಿದ್ದವು.

ಶುಕ್ರವಾರ ತುಳಿದದ್ದಕ್ಕೆ ಶನಿವಾರ ದಂಡ.
ರೂವಿಯ ಅಂಗಡಿಯಲ್ಲಿ, ಬಿಳಿ ಥಾನಿನ ಮೇಲೆ,
ಕತ್ತರಿ ತಾನಾಗಿ ಜಾರಿ ಬಿತ್ತು.
'ವಯಸ್ಸಾಯ್ತು ಮಾಸ್ಟರ್‌ಜೀ' ಅಂದ
ಕಾಜಾ ಹೊಲಿಯುವ ಶಫಿಕುಲ್, ಸೂಜಿಯಿಂದ ಕಣ್ಣೆತ್ತದೆ.
ವಯಸ್ಸಲ್ಲ ಮಾರಾಯ,
ಹ್ಯಾಂಡಲು.

ಊರಿಗೆ ಹೊರಟ ಸ್ಕಾಟ್ಲೆಂಡಿನ ಗಣಿತದ ಮೇಷ್ಟ್ರು
ತೊಂಬತ್ತು ರಿಯಾಲಿಗೆ ಬಿಟ್ಟುಕೊಟ್ಟ ಸೈಕಲ್ಲು.
ಆರಡಿ ಮೂರಂಗುಲದ ಆಳು ಅವನು.
ಅವನ ಎದೆಯಗಲಕ್ಕೆ ಬಾಗಿದ ಟಗರುಕೊಂಬನ್ನು
ನಾನು ಹಿಡಿದು ಕೂತರೆ
ಭಾವನ ಕೋಟು ತೊಟ್ಟ ಮದುಮಗ.
ಕೆಳಗಿನ ಬಾಗಿಗೆ ಕೈ ಇಳಿಸಿದೆನೋ
ಮೊಣಕಾಲು ಬಂದು ಹೊಟ್ಟೆಯ ಕುಶಲ ಕೇಳುತ್ತದೆ.

ಅಲ್ ಖುವೈರಿನ ಹಿಂಬೀದಿಯಲ್ಲಿ ರೊಡೆಲ್‌ನ ಅಂಗಡಿ.
ಗೋಡೆ ತುಂಬ ಕೊಂಬುಗಳು,
ಒಂದಕ್ಕೂ ತಲೆಯಿಲ್ಲ.
'ಮೊದಲು ಹೆಗಲು' ಅಂದ. ಟೇಪು ತೆಗೆದ.
ಇತ್ತ ಕೊಡು ಅಂತ ಕೈ ಚಾಚಿದೆ,
ಅಭ್ಯಾಸ.
ಅವನು ನಕ್ಕು, ನನ್ನನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿದ.

ಇಪ್ಪತ್ತೇಳು ವರ್ಷದಲ್ಲಿ ಎಷ್ಟು ಬೆನ್ನು ನೋಡಿದೆ!
ಮೀನು ಹರಾಜು ಕೂಗುವ ಮುದುಕರದ್ದು,
ಕಚೇರಿ ಕುರ್ಚಿಯಲ್ಲಿ ಗೂನಾದವರದ್ದು,
ಮದುವೆಯ ಮುನ್ನಾದಿನ ದಿಶ್‌ದಾಶಾ ತೊಟ್ಟು
ಕೊರಳ ಕುಚ್ಚನ್ನು ಮತ್ತೆ ಮತ್ತೆ ಎಳೆದುಕೊಳ್ಳುವ ಹುಡುಗರದ್ದು.
ನನ್ನ ಅಂಗಿ ಮಾತ್ರ
ಹಳೆಯ ಅಂಗಿ ನೋಡಿ ಕತ್ತರಿಸಿದ್ದು.
ಆ ಹಳೆಯದು ಅದರ ಹಿಂದಿನದನ್ನು ನೋಡಿ.
ಎಲ್ಲಕ್ಕೂ ಮೊದಲಿನದರ ಅಳತೆ ಕಾಪುವಿನ ಗುರುಗಳು ತೆಗೆದದ್ದು,
ನನಗಾಗ ಇಪ್ಪತ್ತೆರಡು.
ಹೆಗಲು ಹದಿನೇಳು ಅಂತ ಹಲ್ಲಲ್ಲಿ ಸೀಮೆಸುಣ್ಣ ಕಚ್ಚಿಕೊಂಡೇ ಹೇಳಿದ್ದರು.

ರೊಡೆಲ್‌ನ ಹೆಬ್ಬೆರಳು ಎಲುಬಿನ ತುದಿ ಹುಡುಕಿತು.
ಇಲ್ಲಿಂದ ಅಲ್ಲಿಗೆ. ಮಾಂಸ ಲೆಕ್ಕಕ್ಕಿಲ್ಲ.
'ನಲವತ್ತು' ಅಂದ.
ಸೆಂಟಿಮೀಟರು. ನನ್ನ ಭಾಷೆಯಲ್ಲಿ
ಹದಿನೈದೂ ಮುಕ್ಕಾಲು.
'ಎಡಗಡೆ ಒಂದು ಬೆರಳು ತಗ್ಗು.'
ಗೊತ್ತು ಅಂದೆ.
ಗೊತ್ತಿರಲಿಲ್ಲ.
ಇಂಥ ಹೆಗಲು ಕೋಟಿಗೆ ಬಂದರೆ
ಗಿರಾಕಿಗೆ ಹೇಳದೆ ಒಳಗೊಂದು ಮೆತ್ತೆ ಕೂರಿಸಿ
ಸಮ ಮಾಡಿ ಕಳಿಸುತ್ತಿದ್ದೆ.

ಕಾರ್ಬನ್ನಿನದು ಎತ್ತಿದರೆ ಹಪ್ಪಳ,
ಬೆಲೆ ಕೇಳಿದರೆ ಎರಡು ತಿಂಗಳ ಬಾಡಿಗೆ.
ಅದನ್ನು ಮೆಲ್ಲಗೆ ಮೊಳೆಗೇ ಮರಳಿಸಿದೆ.
'ಹೆಸರು ಓದಬೇಡ. ಕಣ್ಣು ಮುಚ್ಚು,
ಕೈ ಚಾಚು, ಸಿಕ್ಕಲ್ಲಿ ಹಿಡಿ.'
ಒಂದು ನನ್ನನ್ನು ಎಳೆಯಿತು.
ಇನ್ನೊಂದರಲ್ಲಿ ಮಣಿಕಟ್ಟು ನಮಸ್ಕಾರಕ್ಕೆ ಮುರಿದ ಹಾಗೆ.
ನಾಲ್ಕನೆಯದು ಹದಿನೆಂಟು ರಿಯಾಲಿನ ಅಲ್ಯೂಮಿನಿಯಂ.
ಬಾಗು ಆಳವಿಲ್ಲ, ಚಾಚು ಗಿಡ್ಡ,
ಕೆಳತುದಿ ಕಾಲರಿನ ಮೂಲೆಯಂತೆ ತುಸು ಹೊರಕ್ಕೆ.
ಕೈ ಹೋಗಿ ಕೂತಿತು. ಮೊಣಕೈ ಸಡಿಲಿತು.
ಕಣ್ಣು ಬಿಡಲು ಮನಸ್ಸಾಗಲಿಲ್ಲ.

ಟೇಪು ಸುತ್ತುವುದು ನನಗೆ ಬಿಡು ಅಂದೆ.
ತುದಿಯಿಂದ ಮೇಲಕ್ಕೆ, ಅರ್ಧದ ಮೇಲೆ ಅರ್ಧ.
ಎಳೆದರೆ ಹರಿಯುತ್ತೆ, ಬಿಟ್ಟರೆ ಸುಕ್ಕು.
ಬ್ರೇಕಿನ ಸಂದಿಗೊಂದು ಪುಟ್ಟ ತೇಪೆ.
ರೊಡೆಲ್ ಚಹಾದ ಲೋಟ ಹಿಡಿದು
ಕುಡಿಯುವುದನ್ನು ಮರೆತ.

ರಾತ್ರಿ ಅಳತೆ ಪುಸ್ತಕದ ಕೊನೇ ಹಾಳೆಯಲ್ಲಿ
ಮೊದಲ ಬಾರಿ ನನ್ನ ಹೆಸರು ಬರೆದೆ.
ಹೆಗಲು ಹದಿನೈದೂ ಮುಕ್ಕಾಲು. ಎಡ ತಗ್ಗು.
ಮೆತ್ತೆ ಬೇಡ.

ಶುಕ್ರವಾರ ನಾಲ್ಕೂವರೆ, ಆಗಸ್ಟಿನ ಸೆಕೆ.
ಕುರುಮ್ ದಾಟಿದೆ. ಗುಬ್ರಾ. ಅಜೈಬಾದ ದೋಣಿಗಳು.
ಕೈ ಮೇಲೆ, ಕೈ ಬ್ರೇಕಿನ ತಲೆಗೆ, ಕೈ ಕೆಳಗೆ,
ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ.
ಸೀಬಿನಲ್ಲಿ ನಿಂತು ಕಿರುಬೆರಳನ್ನು ಕರೆದೆ.
ಇದ್ದೇನೆ ಅಂದಿತು.
ಉಂಗುರದ್ದು
ಇನ್ನೂ ಯೋಚಿಸುತ್ತಿತ್ತು.