ಒಂದು ಬಾಲ್ಕನಿ

ಅರವತ್ತೆರಡು ವರ್ಷ ನನ್ನ ಟಿಕೆಟ್ಟು
ಯಾರ ಜೇಬಿನಲ್ಲೋ ಇತ್ತು.
ಅಪ್ಪನದು, ಆಮೇಲೆ ಅವರದು,
ಅವರು ಹೋದ ಮೇಲೆ ಮೈದುನನ ಮಗನ ಫೋನಿನಲ್ಲಿ.

ಆಷಾಢದ ಒಂದು ಗುರುವಾರ
ಮಾಗಡಿ ರಸ್ತೆಯ ಟಾಕೀಸಿನ ಕಿಂಡಿಗೆ ಕೈ ತೂರಿಸಿ
"ಒಂದು ಬಾಲ್ಕನಿ" ಅಂದೆ.
"ಒಂದೇನಾ ಅಮ್ಮಾ?"
ಒಂದೇ. ಚಿಲ್ಲರೆ ಎರಡು ಸಲ ಎಣಿಸಿಕೊಂಡೆ.

ಪಕ್ಕದ ಸೀಟಿನ ಪದ್ಮರಾಜಯ್ಯ,
ಬಳೇಪೇಟೆಯಲ್ಲಿ ಹಾರ್ಮೋನಿಯಂ ರಿಪೇರಿ,
ಹೀರೋ ಅಳುವಾಗ ತಾವೂ ಅತ್ತು
ಕರ್ಚೀಫಿಗೆ ತಡಕಾಡಿದರು.
ಸೆರಗು ಕೊಡಲಿಲ್ಲ ಮತ್ತೆ!
ಚುರುಮುರಿ ಪೊಟ್ಟಣದ ಕಾಗದ ಹರಿದು ಕೊಟ್ಟೆ.
ಖಾರ ಕಣ್ಣಿಗೆ ಹತ್ತಿ ಇನ್ನಷ್ಟು ಅತ್ತರು.
ನಕ್ಕೆವು, ಹಿಂದಿನ ಸಾಲು ಶ್ಶ್ ಅನ್ನುವವರೆಗೆ.

ಇದು ಎಂಟನೇ ಗುರುವಾರ.
"ನಮ್ಮನೆಗೇ ಬಂದುಬಿಡಿ ಸರ್ವಮಂಗಳಾ,
ಮೇಲಿನ ಕೋಣೆಗೆ ಸುಣ್ಣ ಹೊಡೆಸಿದೀನಿ."

ಬರ್ತೀನಿ ರೀ, ಭಾನುವಾರ ಊಟಕ್ಕೆ.
ತಡವಾದರೆ ಇದ್ದೂಬಿಡ್ತೀನಿ.
ಆದರೆ ನನ್ನ ಒಂಟಿ ರೂಮಿನ ಬೀಗದ ಕೈ
ಈ ಸೊಂಟದಲ್ಲೇ ಇರಲಿ.
ನಿಮ್ಮ ಪೆಟ್ಟಿಗೆಯೊಳಗೆ ಒಂದಿಷ್ಟು ಖಾಲಿ ಬಿಟ್ಟರೇ ತಾನೆ
ಗಾಳಿ ಆಡೋದು, ಸ್ವರ ಏಳೋದು?

ಬೆಲ್ ಆಯ್ತು, ಏಳಿ.
ಇವತ್ತು ಎರಡೂ ಟಿಕೆಟ್ಟು ನಾನೇ ತಗೊಂಡೆ.
ಬೇರೆ ಬೇರೆ ಹರಿದುಕೊಡಪ್ಪ, ಅಂದೆ.